ಬಾಣಂತಿ ಕೋಣೆಯ ಹೊಗೆಸೊಪ್ಪು

ಮೊದಲು ಕಾಲು ಒಳಗೆ ಎಳ್ಕೊ, ಆಮೇಲೆ ಕತೆ. ಹೂಂಗುಟ್ಟೋದು ನಿಲ್ಲಿಸಿದ್ರೆ ನಾನೂ ನಿಲ್ಲಿಸ್ತೀನಿ, ಗೊತ್ತಾಯ್ತಾ?

ಒಂದಾನೊಂದು ಕಾಲದಲ್ಲಿ, ನಮ್ಮಜ್ಜಿಗೆ ಅವರಜ್ಜಿ ಕತೆ ಹೇಳ್ತಿದ್ದ ಕಾಲ ಅಂತಿಟ್ಕೊ, ಲಕ್ಷ್ಮಣತೀರ್ಥ ಹೊಳೆ ದಂಡೇಲಿ ಬೆಟ್ಟಯ್ಯ ಅಂತ ಒಬ್ಬ ಇದ್ದನಂತೆ. ಹಿತ್ತಲಲ್ಲಿ ಹೊಗೆಸೊಪ್ಪು ಬೆಳೆದು, ತಾನೇ ಹದ ಮಾಡಿ, ತೊಡೆ ಮೇಲಿಟ್ಟು ಚುಟ್ಟ ಸುತ್ತಿ ಸೇದ್ತಿದ್ದನಂತೆ. ಚುಟ್ಟ ಅಂದ್ರೆ ಬೀಡಿಗಿಂತ ದಪ್ಪ, ಎಲೆಯೊಳಗೆ ಎಲೇನೇ ಇಟ್ಟು ಸುತ್ತೋದು. ನೀನು ಕೇಳಿದ್ರೆ ಸಾಕು, ಸೇದೋ ಆಸೆಗೀಸೆ ಬೇಡ, ಎದೆ ಹಾಳಾಗುತ್ತೆ. ಅವನ ಹೆಂಡ್ತಿ ಸಣ್ಣತಾಯಮ್ಮ ಸೂಲಗಿತ್ತಿ. ಊರಲ್ಲಿ ಹುಟ್ಟಿದ ಕೂಸೆಲ್ಲ ಮೊದಲು ಅವಳ ಕೈಗೇ ಬರ್ತಿತ್ತಂತೆ. ಗಂಡ ಎಲೆ ಹದ ಮಾಡೋ ಕೋಣೆ ಕಡೆ ಮಾತ್ರ ತಲೆ ಹಾಕ್ತಿರಲಿಲ್ಲ. ನಾರುತ್ತೆ, ನಾರುತ್ತೆ ಅಂತ ಸೆರಗು ಮೂಗಿಗಿಟ್ಕೊಂಡು ಬೈತಿದ್ದಳಂತೆ, ಅವನು ನಗ್ತಿದ್ದನಂತೆ.

ಒಂದು ವರ್ಷ ಎಲೆ ಬಲಿತು ಮುರಿಯೋ ಹೊತ್ತಿಗೆ ಬೆಟ್ಟಯ್ಯ ಕಣ್ಮುಚ್ಚಿಬಿಟ್ಟ. ಮೂರು ಜನ ಗಂಡುಮಕ್ಕಳು ಗೋಳಾಡಿ ಅತ್ತರು. ಸಣ್ಣತಾಯಮ್ಮ ಅಳಲಿಲ್ಲವಂತೆ. ಮೂಲೇಲಿ ಚಾಪೆ ಹಿಡಿದವಳು ಮಾತೂ ಬಿಟ್ಟಳು, ಊಟಾನೂ ಬಿಟ್ಟಳು, ಎರಡು ಗುಟುಕು ಗಂಜಿ ಇಳಿದ್ರೆ ಹೆಚ್ಚು. ಹಿಂಗೇ ಆದ್ರೆ ಅವ್ವನೂ ಉಳಿಯಲ್ಲ ಅಂತ ಮಕ್ಕಳಿಗೆ ಭಯ ಹತ್ತಿತು. ಹಿರೀಕರಿಗೆ ಎಡೆ ಇಡೋ ಹಬ್ಬ ಮುಂದಿತ್ತು. ಸತ್ತವರಿಗೆ ಏನೇನು ಇಷ್ಟವೋ ಎಲ್ಲಾನೂ ಬಡಿಸಿ ಇಡ್ತೀವಲ್ಲ, ಆ ಹಬ್ಬ. ಅಪ್ಪ ನೆಟ್ಟ ಕಡೇ ಸೊಪ್ಪಿಂದಲೇ ಚುಟ್ಟ ಮಾಡಿ ಎಡೆಗಿಟ್ರೆ ಅವ್ವ ಆವತ್ತಾದ್ರೂ ಮನಸ್ಸು ಮಾಡಿ ಉಣ್ಣಬಹುದು ಅಂತ ಮಾತಾಡ್ಕೊಂಡು, ಸೊಪ್ಪು ಮುರಿದು ಮೂರು ಪಾಲು ಮಾಡ್ಕೊಂಡ್ರಂತೆ. ಅಪ್ಪ ಹದ ಮಾಡೋದನ್ನ ಒಬ್ಬನಾದ್ರೂ ನೆಟ್ಟಗೆ ನೋಡಿದ್ರೆ ತಾನೆ.

ದೊಡ್ಡವನಿಗೆ ಆತುರ. ಬಿಸಿಲಿಗೆ ಹರವಿ ಒಣಗಿಸಿ, ನಡುಮಧ್ಯಾಹ್ನದಲ್ಲೇ ಬಾಚೋಕೆ ಹೋದ. ಬೆಳಗಿನ ಇಬ್ಬನಿಗೆ ಎಲೆ ಮೆತ್ತಗಾದಾಗ ಮುಟ್ಟಬೇಕು ಕಣೆ. ಅವನ ಪಾಲು ಹಪ್ಪಳದಂಗೆ ಪುಡಿಪುಡಿಯಾಗಿ ಗಾಳಿಗೆ ಹೋಯ್ತಂತೆ. ಆಮೇಲೆ ನಡುವಿನವನು ತನ್ನ ಪಾಲನ್ನ ಒಲೆ ಮೇಲೆ ನೇತುಹಾಕಿ ದಬದಬ ಬೆಂಕಿ ಒಟ್ಟಿದ. ಅಂಚು ಕರಕಲಾಯ್ತು, ನಡುವೆ ಹಸಿರು ಹಂಗೇ ನಿಂತ್ಕೊಂಡ್ತು. ಒಂದು ದಮ್ಮು ಎಳೆದು ನೋಡಿ ಸಂಜೆವರೆಗೂ ಕೆಮ್ಮಿದನಂತೆ.

ಆಮೇಲೆ ಉಳಿದಿದ್ದು ಕಿರಿಯವನ ಪಾಲು ಒಂದೇ. ಅವನು ನೆರಳಲ್ಲಿ ತೂಗುಹಾಕಿ, ಎಲೆ ಕಂದು ಬಣ್ಣಕ್ಕೆ ತಿರುಗೋವರೆಗೂ ಕಾದ. ಅಪ್ಪ ಎಲೆಗೆ ಕಂಬಳಿ ಹೊದಿಸ್ತಿದ್ದದ್ದು ಅವನಿಗೆ ಚೂರು ನೆನಪಿತ್ತು. ನೀರು ಚಿಮುಕಿಸಿ, ಕಟ್ಟು ಕಟ್ಟಿ, ಕಂಬಳಿ ಸುತ್ತಿ ಬೆಚ್ಚಗೆ ಮುಚ್ಚಿಟ್ಟ. ಕೆಲವು ದಿನ ಬಿಟ್ಟು ಬಿಚ್ಚಿದ್ರೆ ಘಾಟು ಅಂದ್ರೆ ಘಾಟು, ಕೊಟ್ಟಿಗೆ ಗಂಜಲದ ವಾಸನೆ, ಕಣ್ಣೆಲ್ಲ ಉರಿ. ಅಯ್ಯೋ ಅಪ್ಪನ ಸೊಪ್ಪು ಕೊಳೆತೇ ಹೋಯ್ತು ಅಂತ ಅಳ್ತಾ ಅಳ್ತಾ ಗಂಟು ಹೊತ್ಕೊಂಡು, ಅವ್ವ ಮಲಗಿದ್ದ ಮೂಲೆ ದಾಟಿ ತಿಪ್ಪೆ ಕಡೆ ಹೊರಟನಂತೆ.

ಸಣ್ಣತಾಯಮ್ಮ ಎದ್ದು ಕೂತಳು. ಮೂಗು ಅರಳಿಸಿದಳು.

"ಎಲ್ಲಿಗೆ ಹೊತ್ಕೊಂಡು ಹೋಯ್ತಿದ್ದೀಯ ಮಗ?"

ಅವನು ಗಂಟು ಕೆಳಗಿಳಿಸಿದ. ಕೊಳೆತೋಯ್ತು ಕಣವ್ವ ಅಂದ.

"ಕೊಳೆತಿಲ್ಲ. ವರ್ಷಾ ವರ್ಷಾ ಹಿಂಗೇ ನಾರ್ತಿತ್ತು, ನಾನು ಬೈತಿದ್ದೆ. ಇನ್ನೂ ಹಸುಗೂಸು ಕಣೋ ಅದು. ಒಳಕ್ಕೆ ತಕ್ಕೊಂಡು ಬಾ."

ಹಂಗಂದವಳೇ ಆ ಗಂಟು ತಬ್ಕೊಂಡು, ಗಂಡ ಸತ್ತ ಮೇಲೆ ಮೊದಲ ಸಲ, ಗೊಳೋ ಅಂತ ಅತ್ತಳಂತೆ.

ಆಮೇಲೆ ನೋಡು ಅವಳ ಕಾರುಬಾರು. ಬಾಣಂತಿ ಕೋಣೆ ಗುಡಿಸಿ ಗಂಟನ್ನ ಅಲ್ಲಿಟ್ಟಳು. ಗಾಳಿ ಆಡದಂಗೆ ಸಂದುಗಳಿಗೆಲ್ಲ ಬಟ್ಟೆ ತುರುಕಿದಳು, ಪಕ್ಕದಲ್ಲಿ ಬಿಸಿನೀರಿನ ಹಂಡೆ ಇಡಿಸಿದಳು. ದಿನಾ ಬಿಚ್ಚಿ, ಒಳಗಿನ ಎಲೆ ಹೊರಗೆ, ಹೊರಗಿನದ್ದು ಒಳಗೆ ಮಾಡಿ, ಮಗುವಿನ ಹಣೆ ಮುಟ್ಟಿ ನೋಡಿದಂಗೆ ಕೈಯ ಹಿಂಬದಿಯಿಂದ ಕಾವು ನೋಡ್ತಿದ್ದಳಂತೆ. ಬಾಗಿಲು ತೆಗೆದಿಟ್ಟ ಅಂತ ದೊಡ್ಡವನಿಗೆ ಬೈಗುಳ, ನೀರು ಆರಿಸಿದ ಅಂತ ನಡುವಿನವನಿಗೆ ಬೈಗುಳ. ಬೈಸ್ಕೊಂಡು ಮಕ್ಕಳಿಗೆ ಹಬ್ಬ. ಗಂಟು ಎತ್ತಿ ತಿರುವೋಕೆ ತೋಳಲ್ಲಿ ಶಕ್ತಿ ಬೇಡವಾ, ಒಂದಿನ ತಾನಾಗೇ ಮುದ್ದೆ ಇಕ್ಕಿ ಅಂದಳಂತೆ.

ದಿನ ಕಳೀತಾ ಘಾಟು ಇಳೀತು. ಆಮೇಲೆ ಒಂದು ಬೆಳಿಗ್ಗೆ ದೊಡ್ಡ ಸೊಸೆ ಬಂದು, ಯಾರು ಅತ್ತೆ, ಬೆಲ್ಲ ಕಾಯಿಸ್ತಿರೋದು ಅಂತ ಕೇಳಿದಳು. ಬೆಲ್ಲ ಎಲ್ಲಿಂದ ಬಂತು, ಸೊಪ್ಪು ಹದಕ್ಕೆ ಬಂದಿತ್ತು.

ಹಬ್ಬದ ದಿನ ಅವಳೇ ಚುಟ್ಟ ಸುತ್ತಿದಳು. ನಡುವೆ ಬಸುರಿ ಹೊಟ್ಟೆಯಂಗೆ ಉಬ್ಬಿತ್ತಂತೆ, ಸೂಲಗಿತ್ತಿ ಸುತ್ತಿದ ಚುಟ್ಟ ಇನ್ನು ಹೆಂಗಿರುತ್ತೆ. ಎಡೆ ಮುಂದೆ ಹಚ್ಚಿಟ್ಟು, "ನಿಮ್ಮ ಕೂಸನ್ನ ಸಾಕಿಕೊಟ್ಟಿದೀನಿ, ತಕ್ಕೊಳ್ಳಿ" ಅಂದಳು. ಹೊಗೆ ಮೆಲ್ಲಗೆ ಸೂರಿಗೆ ಏರಿತು. ಆಮೇಲೆ ಮೂರು ಮಕ್ಕಳ ಮಧ್ಯೆ ಕೂತು ಎಡೆ ಅನ್ನ ಹೊಟ್ಟೆ ತುಂಬ ಉಂಡಳಂತೆ.

ಬೀಜಕ್ಕೆ ಅಂತ ಬೆಟ್ಟಯ್ಯ ಕುಡಿ ಚಿವುಟದೆ ಬಿಟ್ಟಿದ್ದ ಗಿಡ ಒಂದು ಹಿತ್ತಲಲ್ಲಿತ್ತು. ಆ ಬೀಜ ಸೆರಗಿಗೆ ಕಟ್ಕೊಂಡು ಮುಂದಿನ ಮಳೆಗೆ ಅವಳೇ ಬಿತ್ತಿದಳು. ಮೂರು ಮಕ್ಕಳೂ ಕೂಡಿ ಬೆಳೆದ್ರು, ಬಾಣಂತಿ ಕೋಣೇಲೇ ಹದ ಮಾಡಿದ್ರು. ವರ್ಷಾ ವರ್ಷಾ ಘಾಟು ಏಳೋವಾಗ ಸಣ್ಣತಾಯಮ್ಮ ನಾರುತ್ತೆ, ನಾರುತ್ತೆ ಅಂತ ಬೈತಾನೇ ಇದ್ದಳಂತೆ. ಸೆರಗು ಮಾತ್ರ ಮೂಗಿಗೆ ಇಟ್ಕೊಳ್ಳಲಿಲ್ಲವಂತೆ.

ಅಲ್ಲಿಗೆ ಅವರ ಕತೆ ಮುಗೀತು, ನಿನ್ನ ಹೂಂ ಆಗಲೇ ಮುಗೀತು. ಕಂಬಳಿ ಎಳೀತೀನಿ ತಡಿ, ನನ್ನ ಹಸುಗೂಸೇ, ಬೆಚ್ಚಗೆ ಮಲಕ್ಕೊ.