ಪೂಜೆಗೆ ಕೂತ ಪೆಟ್ಟಿಗೆ

ಒಂದಾನೊಂದು ಕಾಲದಲ್ಲಿ, ಅಂದರೆ ನೇರಳೆ ಹಣ್ಣು ಇನ್ನೂ ನಾಲಿಗೆಗೆ ಬಣ್ಣ ಹಚ್ಚೋದು ಕಲಿತಿರದ ಕಾಲದಲ್ಲಿ, ಒಂದು ಊರಲ್ಲಿ ಮೂರು ಜನ ಅಕ್ಕತಂಗಿಯರಿದ್ದರಂತೆ. ಹಿರಿಯಳು ಸಂಕವ್ವ, ನಡುವಿನವಳು ಮಾಯವ್ವ, ಕಿರಿಯಳು ಕೆಂಚವ್ವ. ಅಪ್ಪ ಅಮ್ಮ ಇಲ್ಲ. ಸೋದರಮಾವನ ಕೊಟ್ಟಿಗೆಯಲ್ಲಿ ಒಂದು ಮೂಲೆ, ಅಷ್ಟೇ ಅವರ ಪಾಲು. ಒಂದು ದಿನ ಅತ್ತೆ ಬಂದು, ಎಮ್ಮೆ ಕರು ಹಾಕೋ ಹೊತ್ತಾಯ್ತು, ಅದಕ್ಕೆ ಜಾಗ ಬೇಕು, ನೀವು ಬೇರೆ ಎಲ್ಲಾದರೂ ನೋಡ್ಕೊಳ್ಳಿ ಅಂದುಬಿಟ್ಟಳಂತೆ. ಎಮ್ಮೆಗಿಂತ ಕಡೆಯಾದ್ವಲ್ಲ ಅಂತ ಅಕ್ಕಂದಿರು ಅತ್ತರೂ ಕೆಂಚವ್ವ ಅಳಲಿಲ್ಲವಂತೆ. ಅವಳು ಭಾರೀ ಹಟಮಾರಿ. ಅಂಗಡಿ ಹಲಗೆ, ಕಲ್ಲಿನ ಬರಹ, ಏನು ಕಂಡರೂ ನಿಂತು, ಇದು ಯಾವ ಅಕ್ಷರ ಅಂತ ಹೋಗಿಬರೋರನ್ನೆಲ್ಲ ಕಾಡಿ, ಮರಳಲ್ಲಿ ತಿದ್ದಿ ತಿದ್ದಿ ಓದು ಕಲಿತವಳು.

ಆಮೇಲೆ ಆ ಊರ ರಾಣಿ ತನ್ನ ತೋಪು ನೋಡಿಕೊಳ್ಳೋರು ಬೇಕು ಅಂತ ಡಂಗುರ ಹೊಡೆಸಿದಳಂತೆ. ತೋಪಿನ ಕಾಲುದಾರಿಗಳಲ್ಲಿ ಮೂರು ಪುಟ್ಟ ಪೆಟ್ಟಿಗೆ ಬಚ್ಚಿಟ್ಟಿದೆ, ಒಂದೊಂದರಲ್ಲೂ ಒಂದು ಮರದ ಅಚ್ಚು, ಒಂದಿಷ್ಟು ಮಸಿ, ಒಂದು ಬಿಳಿ ಬಟ್ಟೆ. ಸಿಕ್ಕಿದವರು ಅಚ್ಚನ್ನು ಸೆರಗಿಗೋ ವಲ್ಲಿಗೋ ಒತ್ತಿಕೊಂಡು, ಬಟ್ಟೆಗೆ ತಮ್ಮ ಹೆಬ್ಬೆಟ್ಟೊತ್ತಿ, ಪೆಟ್ಟಿಗೆಯನ್ನ ಹೇಗಿತ್ತೋ ಹಾಗೇ ಇಟ್ಟು ಬರಬೇಕು. ಮುಂದಿನದರ ಸುಳಿವು ಮುಚ್ಚಳದ ಒಳಗಿದೆ. ಮೂರನೇ ಪೆಟ್ಟಿಗೆಯಲ್ಲಿ ಮೊದಲ ಹೆಬ್ಬೆಟ್ಟು ಯಾರದೋ ತೋಪಿನೊಳಗಿನ ಮನೆ ಅವರಿಗೆ. ಇನ್ನು ಮೊದಲ ಸುಳಿವು, ಕಲ್ಲು ಬಸವಣ್ಣನ ಮೂತಿ ಯಾವ ಕಡೆಗಿದೆಯೋ ಆ ಕಡೆ ನಡೀರಿ, ಪೊಟರೆ ಇರೋ ಮರ ಸಿಗುತ್ತೆ.

ಕೆಂಚವ್ವ ಹೋದಳಂತೆ, ಪೊಟರೆಗೆ ಕೈ ಹಾಕಿದಳಂತೆ, ಪೆಟ್ಟಿಗೆ ಸಿಕ್ಕಿತಂತೆ. ಬಟ್ಟೆ ತುಂಬ ಆಗಲೇ ಬಂದುಹೋದವರ ಹೆಬ್ಬೆಟ್ಟುಗಳು. ಇವರಲ್ಲಿ ಒಬ್ಬರು ಎತ್ಕೊಂಡು ಹೋಗಿದ್ರೂ ನನಗೆ ಸಿಗ್ತಿರಲಿಲ್ಲವಲ್ಲ, ಪುಣ್ಯಾತ್ಮರು ಅಂತ ಕೈಮುಗಿದು, ಸೆರಗಿಗೆ ನವಿಲಿನ ಅಚ್ಚು ಒತ್ತಿಕೊಂಡು, ಪೆಟ್ಟಿಗೆಯನ್ನ ತರಗೆಲೆಯಲ್ಲಿ ಮುಚ್ಚಿಟ್ಟಳಂತೆ.

ಮುಚ್ಚಳದಲ್ಲಿ, ಹಳೇ ಬಾವಿಕಟ್ಟೆಯ ಅಲುಗೋ ಕಲ್ಲಿನ ಕೆಳಗೆ ಅಂತ ಬರೆದಿತ್ತು. ಹೋಗಿ ನೋಡಿದರೆ ಕಲ್ಲಿದೆ, ಪೆಟ್ಟಿಗೆ ಇಲ್ಲ. ಮುಂಚೆ ಬಂದವರೆಲ್ಲ ಹುಡುಕಿ ಹುಡುಕಿ ಬೈದುಕೊಂಡು ಮನೆ ಸೇರಿದ್ದರಂತೆ. ಕೆಂಚವ್ವನೂ ಮೊಣಕಾಲು ತರಚೋವರೆಗೂ ಹುಡುಕಿ, ಬಾಯಾರಿ ಮನೆಗೆ ಬಂದಳಂತೆ.

ಬಂದು ನೋಡ್ತಾಳೆ, ಕೊಟ್ಟಿಗೆ ಮುಂದೆ ಕೇರಿ ಹೆಂಗಸರೆಲ್ಲ ಸೇರಿದ್ದಾರೆ, ಗಂಟೆ ಬಾರಿಸ್ತಿದ್ದಾರೆ. ನಡುವೆ ಮಣೆ ಮೇಲೆ ಅರಿಶಿನ ಕುಂಕುಮ ಬಳಿಸಿಕೊಂಡು ಕೂತಿದೆಯಂತೆ ರಾಣಿಯ ಪೆಟ್ಟಿಗೆ! ಡಂಗುರ ಹೊಡೆದಾಗ ಸಂಕವ್ವ ಕಿವಿನೋವಿಗೆ ಎಣ್ಣೆ ಬಿಟ್ಕೊಂಡು ಮಲಗಿದ್ದಳು. ಬೆಳಗ್ಗೆ ಬಾವಿ ಹತ್ರ ಕಣಗಿಲೆ ಹೂವು ಕೀಳೋವಾಗ ಕಾಲಡಿ ಕಲ್ಲು ಅಲುಗಿ ಪೆಟ್ಟಿಗೆ ಕಂಡಿತ್ತು, ತೆಗೆದರೆ ಒಳಗೆ ಮೀನು ಕೆತ್ತಿದ ಮರದ ಅಚ್ಚು. ಕೊಟ್ಟಿಗೆಯವರನ್ನ ಹುಡುಕಿಕೊಂಡು ದೇವರೇ ಬಂದವ್ನೆ ಅಂತ ಮಡಿಲಲ್ಲಿಟ್ಟು ತಂದಿದ್ದಳಂತೆ, ಪಾಪ.

ಮಾಯವ್ವನಿಗೆ ವಿಷಯ ಗೊತ್ತಾದದ್ದೇ ತಡ, ತಂಗಿಯ ಸೆರಗು ಎಳೆದು, ತಾನಾಗೇ ಮನೆಗೆ ಬಂದಿದೆ, ಒತ್ಕೊಂಡು ಓಡೇ, ಯಾರು ನೋಡ್ತಾರೆ ಅಂದಳಂತೆ.

ಕೆಂಚವ್ವ ಒಪ್ಪಲಿಲ್ಲವಂತೆ. ನನಗೆ ಸಿಗಲಿ ಅಂತ ಯಾರೋ ಇಟ್ಟು ಹೋಗಿದ್ರು ಕಣಕ್ಕಾ, ನನ್ನ ಹಿಂದೆ ಬರೋರಿಗೆ ನಾನು ಇಡಬೇಡ್ವಾ ಅಂದಳಂತೆ. ಆದರೆ ನಡುಪೂಜೆಯಲ್ಲಿ ದೇವರನ್ನ ಎತ್ತೋಕೆ ಹೆಂಗಸರು ಬಿಡಬೇಕಲ್ಲ. ಮಂಗಳಾರತಿ ಆಗೋವರೆಗೂ ಹಲ್ಲು ಕಚ್ಚಿ ನಿಂತು, ತೆಂಗಿನಚೂರು ತಿಂದು, ಪೆಟ್ಟಿಗೆ ಎತ್ಕೊಂಡು ಬಾವಿಗೆ ಓಡಿದಳಂತೆ.

ಅಲ್ಲಿ ಕುಂಬಾರಗೇರಿಯ ದ್ಯಾವಜ್ಜಿ ಕೂತಿದ್ದಳಂತೆ. ಮಳೆಗೆ ಗೋಡೆ ಕುಸಿದು ಮನೆ ಕಳಕೊಂಡ ಒಂಟಿ ಮುದುಕಿ, ಉಗುರಲ್ಲೆಲ್ಲ ಮಣ್ಣು. ಬೆಳಗ್ಗೇನೂ ಬಂದು ಹುಡುಕಿ ಹೋಗಿದ್ದೆ, ಈಗ್ಲೂ ಇಲ್ಲ, ನನ್ನ ಕಣ್ಣು ಹೋಯ್ತೋ, ಪೆಟ್ಟಿಗೆಗೆ ಕಾಲು ಬಂತೋ ತಿಳೀತಿಲ್ಲ ಕಣವ್ವಾ ಅಂದಳಂತೆ. ಕೆಂಚವ್ವ ಅಕ್ಕನ ಪೂಜೆ ಸುದ್ದಿ ಹೇಳಿ, ಪೆಟ್ಟಿಗೆಯನ್ನ ಕಲ್ಲಡಿ ಇಟ್ಟು, ನನಗಿಂತ ನೀನೇ ಮೊದಲು ಬಂದೋಳು, ನೀನೇ ತೆಗಿ ಅಂದಳಂತೆ. ಅಜ್ಜಿಗೆ ಓದು ಬಾರದು, ದಾರಿಹೋಕರನ್ನ ಕೇಳಿಕೊಂಡು ಅಲ್ಲೀತನಕ ಬಂದಿದ್ದಳು. ಮುಂದಿನ ಸುಳಿವನ್ನ ಕೆಂಚವ್ವನೇ ಓದಿ ಹೇಳಿದಳಂತೆ, ತೊರೆಯ ಸದ್ದು ಹಿಡಿದು ಹತ್ತಿ, ಸದ್ದು ನಿಂತಲ್ಲಿ ಬಿದಿರ ಮೆಳೆಯ ಬುಡ ನೋಡಿ.

ಆಮೇಲೆ ಇಬ್ಬರೂ ಒಟ್ಟಿಗೇ ಹತ್ತಿದರಂತೆ. ಮೆಳೆ ಕಂಡಾಗ ಅಜ್ಜಿ ಏದುಸಿರು ಬಿಡ್ತಾ ಹಿಂದೆ ಬಿದ್ದಿದ್ದಳು. ಕೆಂಚವ್ವ ಪೆಟ್ಟಿಗೆ ತೆಗೆದರೆ ಬಟ್ಟೆ ಬೆಳ್ಳಗಿದೆ, ಒಂದು ಹೆಬ್ಬೆಟ್ಟೂ ಇಲ್ಲ. ಅವಳಿಗೆ ಎಮ್ಮೆ ನೆನಪಾಯ್ತು, ಅಕ್ಕಂದಿರು ನೆನಪಾದರು, ಹೆಬ್ಬೆಟ್ಟು ಮಸಿಯಲ್ಲಿ ಅದ್ದಿಯೂ ಬಿಟ್ಟಳು. ಆದರೆ ಒತ್ತಲಿಲ್ಲವಂತೆ. ಬಾವಿಕಟ್ಟೆಯ ಪೆಟ್ಟಿಗೆ ನಮ್ಮಕ್ಕ ಒಯ್ಯದೇ ಇದ್ದಿದ್ರೆ ಈ ಅಜ್ಜಿ ಯಾವಾಗಲೋ ಇಲ್ಲಿ ಬಂದಿರ್ತಿದ್ಲು ಅಂದುಕೊಂಡು, ಅಜ್ಜಿ ಬರೋತನಕ ಕಾದು, ಅವಳ ಹೆಬ್ಬೆಟ್ಟನ್ನೇ ಮೊದಲು ಒತ್ತಿಸಿದಳಂತೆ.

ರಾಣಿ ಮಾತಿಗೆ ತಪ್ಪಲಿಲ್ಲ, ಮನೆ ದ್ಯಾವಜ್ಜಿಗೇ ಬಂತು. ಅಜ್ಜಿ ಬೀಗದ ಕೈ ಇಸ್ಕೊಂಡು ನೇರ ಕೊಟ್ಟಿಗೆಗೆ ಬಂದು, ಮೂವರೂ ಗಂಟು ಕಟ್ಟಿ ನಡೀರಿ ಅಂದಳಂತೆ. ಕೆಂಚವ್ವ ಬಿಗಿದುಕೊಂಡು ನಿಂತು, ನಾನು ಇನ್ನೊಬ್ಬರ ಹಂಗಿನಲ್ಲಿ ಇರೋಳಲ್ಲಜ್ಜೀ ಅಂದಳಂತೆ.

ಅಜ್ಜಿ ಅಲ್ಲೇ ಹೊಸಲ ಮೇಲೆ ಕೂತು, "ನಾನು ಆಗಲೇ ನಿನ್ನ ಹಂಗಿನಲ್ಲಿದೀನಲ್ಲೇ ಮಗಾ, ನನ್ನನ್ನೇನು ಮಾಡ್ತೀಯಾ?" ಅಂದಳಂತೆ.

ಕೆಂಚವ್ವ ತಿರುಗಿ ನಿಂತು ಸೆರಗಲ್ಲಿ ಕಣ್ಣೊರೆಸಿಕೊಂಡು, ಅಡುಗೆಗೆ ಅಲ್ಲಿ ಒಲೆ ಇದೆಯೋ, ನಾವೇ ಹೂಡಬೇಕೋ ಅಂದಳಂತೆ.

ನಾಲ್ವರೂ ತೋಪಿನ ಮನೆಯಲ್ಲಿ ಬಿಸಿಬಿಸಿ ಮುದ್ದೆ ಉಂಡು ತಣ್ಣಗೆ ಬಾಳಿದರಂತೆ. ನೀನೂ ಕಾಲು ಚಾಚು ಕಂದಾ, ಅವರ ಮನೆ ದೀಪ ಆರಿತು, ನಮ್ಮ ಕತೆಯೂ ಮುಗೀತು.