ಮೊರಕ್ಕೆ ಬೀಳದ ಗುಳಿಗೆ

ತುಂಗಭದ್ರೆಯ ದಂಡೆಯಲ್ಲಿ ರೇವಣಯ್ಯನವರ ಆಶ್ರಮವಿತ್ತು. ಆಶ್ರಮವೆಂದರೆ ದೊಡ್ಡದೇನಲ್ಲ. ಒಂದು ಜಗುಲಿ, ಒಂದು ಅಡುಗೆಮನೆ, ಬೇರು ತೊಗಟೆಗಳನ್ನು ಇಡುವ ಒಂದು ಕೋಣೆ. ಅಷ್ಟೇ.

ರೇವಣಯ್ಯನವರು ಗಿಡಮೂಲಿಕೆಯ ವೈದ್ಯರು. ವಯಸ್ಸು ಎಂಬತ್ತರ ಹತ್ತಿರ. ಅವರ ಶಿಷ್ಯ ಕೊಟ್ರೇಶ ಹನ್ನೊಂದು ವರ್ಷದಿಂದ ಅವರ ಜೊತೆಗೇ ಇದ್ದ. ಬರುವ ಸೋಮವಾರ ಗುರುಗಳು ಔಷಧದ ಕೋಣೆಯನ್ನು ಅವನಿಗೆ ಒಪ್ಪಿಸುವುದೆಂದು ನಿಶ್ಚಯವಾಗಿತ್ತು. ಒಪ್ಪಿಸುವುದೆಂದರೆ, ಅಂದಿನಿಂದ ಬಂದವರ ನಾಡಿ ಹಿಡಿದು ಔಷಧ ಕೊಡುವವನು ಅವನೇ. ಕೋಣೆಯ ಕೀಲಿಕೈ ಆಗಲೇ ಅವನ ಉಡಿದಾರ ಸೇರಿತ್ತು.

ಆ ಆಶ್ರಮದಲ್ಲಿ ಒಂದು ಪದ್ಧತಿಯಿತ್ತು. ಅದನ್ನು ಮೊದಲೇ ಹೇಳಿಬಿಡಬೇಕು, ಇಲ್ಲವಾದರೆ ಮುಂದಿನದು ಅರ್ಥವಾಗುವುದಿಲ್ಲ.

ಯಾರೇ ಬರಲಿ, ನಾಡಿ ಹಿಡಿಯುವ ಮೊದಲು ಅವರ ಮುಂದೆ ಒಂದು ಮೊರ ಇಡಬೇಕು. ಕಾಳು ಕೇರುವ ಬಿದಿರಿನ ಮೊರವೇ, ಅದರಲ್ಲಿ ಬೇರೆ ಗುಟ್ಟೇನಿಲ್ಲ. ಬಂದವರು ತಾವು ತೆಗೆದುಕೊಳ್ಳುತ್ತಿರುವುದನ್ನೆಲ್ಲ ಅದರೊಳಗೆ ಹಾಕಬೇಕು. ಡಾಕ್ಟರ ಗುಳಿಗೆ, ಅಜ್ಜಿ ಕೊಟ್ಟ ಬೇರು, ಸಂತೆಯಲ್ಲಿ ಕೊಂಡ ಚೂರ್ಣ, ಏನಿದ್ದರೂ. ಮೊರ ನೋಡಿದ ಮೇಲೆಯೇ ರೇವಣಯ್ಯನವರು ಔಷಧ ಕೊಡುತ್ತಿದ್ದರು. ಎಷ್ಟೋ ಸಲ ಮೊರ ನೋಡಿ ಏನೂ ಕೊಡದೆ ಕಳಿಸಿದ್ದೂ ಉಂಟು.

ಹನ್ನೊಂದು ವರ್ಷದಲ್ಲಿ ಕೊಟ್ರೇಶ ಆ ಮೊರವನ್ನು ಸಾವಿರಾರು ಜನರ ಮುಂದೆ ಇಟ್ಟಿದ್ದ. ಆದರೆ ಅವನ ಸೊಂಟದ ಚೀಲದಲ್ಲೇ ಬೆಳ್ಳಿಹಾಳೆಯ ಒಂದು ಗುಳಿಗೆ ಪಟ್ಟಿಯಿತ್ತು. ಅದು ಎಂದೂ ಮೊರಕ್ಕೆ ಬಿದ್ದಿರಲಿಲ್ಲ.

ವಿಷಯ ಹೀಗಿತ್ತು. ಎರಡು ವರ್ಷದಿಂದ ಅವನ ಎಡಗಿವಿ ಸರಿಯಿರಲಿಲ್ಲ. ಒಮ್ಮೊಮ್ಮೆ ಹೊಳೆಯಲ್ಲಿ ಮುಳುಗಿ ಎದ್ದಾಗಿನಂತೆ ಕಿವಿ ತುಂಬಿಕೊಳ್ಳುವುದು. ಒಳಗೆ ದುಂಬಿ ಹೊಕ್ಕಂತೆ ಗುಂಯ್‌ಗುಡುವುದು. ಆಮೇಲೆ ನೆಲ, ಗೋಡೆ, ಎದುರಿಗಿದ್ದವರ ಮುಖ, ಎಲ್ಲವೂ ಗಿರ್ರನೆ ತಿರುಗುವುದು.

ಪೇಟೆಯ ಕಿವಿ ಡಾಕ್ಟರಮ್ಮ ಪರೀಕ್ಷೆ ಮಾಡಿ, ಕಿವಿಯ ಒಳಭಾಗದಲ್ಲಿ ನೀರಿನ ಒತ್ತಡ ಹೆಚ್ಚಾಗಿದೆ ಎಂದಿದ್ದರು. ಉಪ್ಪು ಕಡಿಮೆ ಮಾಡಲು ಹೇಳಿ, ಮೈಯ ಹೆಚ್ಚಿನ ನೀರನ್ನು ಮೂತ್ರದಲ್ಲಿ ಇಳಿಸುವ ಗುಳಿಗೆ ಬರೆದುಕೊಟ್ಟಿದ್ದರು.

"ನೀರಿನ ಜೊತೆ ರಕ್ತದ ಲವಣಗಳೂ ಇಳಿಯಬಹುದು. ಕಾಲು ಸೋತರೆ, ಎದೆ ಪಟಪಟ ಅಂದರೆ ತಡಮಾಡದೆ ಬನ್ನಿ. ಬೇರೆ ಏನಾದರೂ ತಗೋತೀರಾ?"

"ಏನೂ ಇಲ್ರಿ" ಎಂದಿದ್ದ ಕೊಟ್ರೇಶ.

ಅದು ಸುಳ್ಳು. ದಿನಕ್ಕೆರಡು ಸಲ ಅವನು ತಾನೇ ಕುಟ್ಟಿಕೊಂಡ ಪುಡಿಯ ಕಷಾಯ ಕುಡಿಯುತ್ತಿದ್ದ. ಒಣಶುಂಠಿ, ಕೊತ್ತಂಬರಿ ಬೀಜ, ಎಲ್ಲಕ್ಕಿಂತ ಹೆಚ್ಚಾಗಿ ಅತಿಮಧುರದ ಬೇರು.

ಗಿಡಮೂಲಿಕೆಯವನು ಗುಳಿಗೆಗೆ ಬಂದಿದ್ದಾನೆ ಎಂದು ನಕ್ಕಾರೆಂದು ಅಲ್ಲಿ ಹೇಳಲಿಲ್ಲ. ತನ್ನ ಕಿವಿಯನ್ನೇ ಸರಿಮಾಡಿಕೊಳ್ಳಲಾರದವನಿಗೆ ಕೋಣೆ ಒಪ್ಪಿಸುವುದು ಹೇಗೆ ಎಂದಾರೆಂದು ಇಲ್ಲಿ ಹೇಳಲಿಲ್ಲ. ಡಾಕ್ಟರಮ್ಮನಿಗೆ ಪುಡಿ ಗೊತ್ತಿಲ್ಲ, ಗುರುಗಳಿಗೆ ಗುಳಿಗೆ ಗೊತ್ತಿಲ್ಲ. ಎರಡೂ ಗೊತ್ತಿದ್ದವನು ಅವನೊಬ್ಬನೇ.

ಸೋಮವಾರಕ್ಕೆ ಮೂರು ದಿನ ಇರುವಾಗ ಹುಲಿಗೆಮ್ಮ ಬಂದಳು.

ಬಸ್‌ಸ್ಟ್ಯಾಂಡಿನ ಹತ್ತಿರ ಮಿರ್ಚಿ ಕರಿದು ಮಾರುವವಳು ಅವಳು. ಹಿಂದಿನ ತಿಂಗಳು ಒಮ್ಮೆ ಬಂದಿದ್ದಳು. ಅಂದು ಗುರುಗಳು ಊರಲ್ಲಿರಲಿಲ್ಲ. ಕಿವಿ ತುಂಬುತ್ತದೆ, ಗುಂಯ್‌ಗುಡುತ್ತದೆ, ಭೂಮಿ ತಿರುಗಿ ವಾಂತಿಯಾಗುತ್ತದೆ ಎಂದು ಅವಳು ಹೇಳುತ್ತಿದ್ದರೆ, ತನ್ನ ಕಥೆಯನ್ನೇ ಬೇರೆಯವರ ಬಾಯಲ್ಲಿ ಕೇಳಿದಂತಾಗಿತ್ತು ಕೊಟ್ರೇಶನಿಗೆ. ತನ್ನ ಪುಡಿಯನ್ನೇ ಒಂದು ತಿಂಗಳಿಗಾಗುವಷ್ಟು ಕಟ್ಟಿಕೊಟ್ಟಿದ್ದ. ಮೊರ ಇಟ್ಟಿರಲಿಲ್ಲ. ಯಾಕೆ ಇಡಲಿಲ್ಲ ಎಂಬುದನ್ನು ಅವನು ತನಗೇ ಹೇಳಿಕೊಂಡಿರಲಿಲ್ಲ.

ಈಗ ಅವಳು ಕಂಬ ಹಿಡಿದುಕೊಂಡು ಜಗುಲಿ ಹತ್ತಿದಳು.

"ಶರಣ್ರೀ ಅಪ್ಪಾರ" ಎಂದು ರೇವಣಯ್ಯನವರಿಗೆ ಕೈಮುಗಿದಳು. "ನಿಮ್ಮ ಶಿಷ್ಯಾರು ಕೊಟ್ಟ ಪುಡಿ ಮುಗೀತು. ಇನ್ನೊಂದು ತಿಂಗಳದ್ದು ಕೊಡಸ್ರಿ."

"ಗುಣ ಆತೇನವ್ವ?"

"ವಾಂತಿ ನಿಂತೈತ್ರಿ. ಬಾಯಿಗೂ ಸೀ ಐತಿ, ಅಮೃತ ಇದ್ದಂಗ. ಆ ಪ್ಯಾಟಿ ಕಿವಿ ಡಾಕ್ಟರಮ್ಮನ ಗುಳಿಗೀನ ನೋಡ್ರಿ, ನನ್ನ ಕಾಲಾಗಿನ ಶಕ್ತಿ ತಿಂದು ಹಾಕೇತಿ. ಮೀನಖಂಡ ಹಿಂಡತಾವು. ಎದಿ ಪಟಪಟ ಅಂತೈತಿ. ನಿನ್ನೆ ಎಣ್ಣಿ ಬಾಂಡ್ಲಿ ಮುಂದ ಕಾಲು ಸೋತು ವಾಲಿದೆ. ಬಾಜೂ ಚಾದಂಗಡಿ ಅಣ್ಣ ರಟ್ಟಿ ಹಿಡಿದು ಎಳೆದ. ಇಲ್ಲಂದ್ರ ನಾನ ಮಿರ್ಚಿ ಆಗತಿದ್ದೆ."

ಅವಳು ನಕ್ಕಳು. ಕೊಟ್ರೇಶ ನಗಲಿಲ್ಲ. ಅವನ ಮೀನಖಂಡವೂ ಕೆಲವು ದಿನಗಳಿಂದ ಹಿಂಡುತ್ತಿತ್ತು. ನಿಂತು ಬೇರು ಕುಟ್ಟಿದ್ದಕ್ಕೆ ಇರಬೇಕು ಎಂದುಕೊಂಡಿದ್ದ.

"ಗುಳಿಗಿ ತಗೊಳ್ಳಾಕ ಹತ್ತೀದಿ, ಇಲ್ಲೋ?" ಗುರುಗಳು ಕೇಳಿದರು.

"ಇವತ್ತಿಂದ ಬಿಡಬೇಕಂತ ಮಾಡೀನ್ರಿ. ಪುಡಿ ಒಂದಿದ್ರ ಸಾಕು. ಬೇರು ಏನು ಮಾಡತೈತ್ರಿ, ಮಣ್ಣಾಗ ಹುಟ್ಟಿದ್ದು."

"ಹಾವಿನ ಮನೀನೂ ಮಣ್ಣಾಗ ಐತವ್ವ" ಎಂದರು ರೇವಣಯ್ಯನವರು. ಆಮೇಲೆ ಶಿಷ್ಯನ ಕಡೆ ತಿರುಗಿದರು. "ಮೊರ ತಾ."

ಕೊಟ್ರೇಶ ಮೊರ ತಂದಿಟ್ಟ.

"ಇದು ಯಾಕ್ರಿ?" ಎಂದಳು ಹುಲಿಗೆಮ್ಮ.

"ನೀನು ನುಂಗೂದೆಲ್ಲ ಇದರಾಗ ಹಾಕವ್ವ."

ಅವಳು ಸೆರಗಿನ ಗಂಟು ಬಿಚ್ಚಿ ಗುಳಿಗೆಯ ಪಟ್ಟಿಯನ್ನೂ ಪುಡಿ ಮುಗಿದ ಕಾಗದದ ಪೊಟ್ಟಣವನ್ನೂ ಹಾಕಿದಳು. ಪಟ್ಟಿಯ ಹಿಂದೆ ಹಸಿರು ಅಕ್ಷರಗಳಿದ್ದವು. ಕೊಟ್ರೇಶ ಓದಬೇಕಾಗಿರಲಿಲ್ಲ. ಅವನ ಸೊಂಟದಲ್ಲಿದ್ದ ಪಟ್ಟಿಯ ಮೇಲೂ ಅದೇ ಅಕ್ಷರ.

ರೇವಣಯ್ಯನವರು ಖಾಲಿ ಪೊಟ್ಟಣವನ್ನು ಮೂಗಿನ ಹತ್ತಿರ ಹಿಡಿದರು.

"ಅತಿಮಧುರ."

"ಹೌದ್ರಿ."

"ಹೋದ ತಿಂಗಳು ಈ ಅವ್ವನ ಮುಂದ ಮೊರ ಇಟ್ಟಿದ್ಯೇನು?"

ಇದು ಈಗಷ್ಟೇ ಮೊರ ಯಾಕೆಂದು ಕೇಳಿದವಳ ಎದುರಿಗೇ ಬಂದ ಪ್ರಶ್ನೆ. ಆದರೂ ಕೊಟ್ರೇಶನ ಬಾಯಿಂದ ಉತ್ತರ ತಾನಾಗಿಯೇ ಬಂತು.

"ಇಟ್ಟಿದ್ದೆರಿ."

ಹುಲಿಗೆಮ್ಮ ಅವನ ಮುಖ ನೋಡಿದಳು. ಒಂದು ಗಳಿಗೆ ಅಷ್ಟೇ.

"ಹೌದ್ರಿ ಅಪ್ಪಾರ, ಇಟ್ಟಿದ್ರು. ನಾನ ಮರೆತಿದ್ದೆ. ಪಾಪ, ಭಾಳ ಕಾಳಜೀಲೆ ನೋಡಿದ್ರು."

ಅವನು ಕೇಳಿಕೊಳ್ಳದೆಯೇ ಅವಳು ಅವನ ಮಾನ ಕಾದಿದ್ದಳು. ಕಪಾಳಕ್ಕೆ ಹೊಡೆದಿದ್ದರೂ ಕೊಟ್ರೇಶನ ಮುಖಕ್ಕೆ ಅಷ್ಟು ಬಿಸಿ ಏರುತ್ತಿರಲಿಲ್ಲ.

"ಹಂಗಾದ್ರ ನಾನು ಕೇಳೂದೇನಿಲ್ಲ" ಎಂದರು ಗುರುಗಳು. "ಗುಳಿಗಿ ನೋಡೇ ಕೊಟ್ಟೀದಿ. ಇನ್ನೊಂದು ತಿಂಗಳದ್ದು ಕಟ್ಟು."

ಕೊಟ್ರೇಶ ಕೋಣೆಯೊಳಗೆ ಹೋದ. ಅತಿಮಧುರದ ಡಬ್ಬಿಯ ಮುಚ್ಚಳ ತೆಗೆದು ನಿಂತ.

ಈ ಬೇರನ್ನು ಮೊದಲ ಸಲ ಕೈಗೆ ಕೊಟ್ಟಾಗ ಗುರುಗಳು ಹೇಳಿದ್ದರು: ಇದು ಗಂಟಲಿಗೆ ಒಳ್ಳೆಯದು, ಆದರೆ ಮೈಯಲ್ಲಿ ನೀರು ನಿಲ್ಲಿಸುತ್ತದೆ, ಕಾಲಿನ ಬಲ ಇಳಿಸುತ್ತದೆ, ಮೈ ಬಾವು ಇದ್ದವರಿಗೂ ರಕ್ತದೊತ್ತಡದವರಿಗೂ ಬೇಡ, ಯಾರಿಗೂ ಬಹಳ ದಿನ ಬೇಡ. ನೀರು ಇಳಿಸುವ ಗುಳಿಗೆಯ ಜೊತೆ ನೀರು ನಿಲ್ಲಿಸುವ ಬೇರನ್ನು ಅವನು ದಿನಾ ಕುಡಿದಿದ್ದ. ಕುಡಿಸಿಯೂ ಇದ್ದ. ಸೋತ ಕಾಲು, ಪಟಪಟ ಎನ್ನುವ ಎದೆ: ಡಾಕ್ಟರಮ್ಮ ಹೇಳಿದ್ದು ಇದನ್ನೇ. ಎರಡೂ ಸೇರಿ ಎಷ್ಟು ಕೆಡಿಸಿವೆಯೋ ಅವನಿಗೆ ತಿಳಿಯದು. ಕೆಡಿಸಿವೆ ಎಂಬುದಷ್ಟೇ ತಿಳಿಯಿತು.

ಅವನು ಡಬ್ಬಿ ಮುಚ್ಚಿದ. ಬರೀ ಶುಂಠಿ ಮತ್ತು ಕೊತ್ತಂಬರಿಯ ಪುಡಿ ಬೆರೆಸಿ, ಪೊಟ್ಟಣ ಕಟ್ಟಿ, ದಾರ ಸುತ್ತಿದ. ಇದರಿಂದ ಅವಳಿಗೆ ಅಪಾಯವಿಲ್ಲ, ತನ್ನ ಮಾನವೂ ಉಳಿಯುತ್ತದೆ. ಯಾರಿಗೂ ಗೊತ್ತಾಗುವುದಿಲ್ಲ. ಹಾಗೆಂದುಕೊಂಡೇ ಹೊರಗೆ ಬಂದ.

ಹುಲಿಗೆಮ್ಮ ಪೊಟ್ಟಣವನ್ನು ಕಣ್ಣಿಗೊತ್ತಿಕೊಂಡಳು. "ನಿಮ್ಮ ಹೊಟ್ಟಿ ತಣ್ಣಗಿರಲಿ" ಎಂದು ಎದ್ದಳು.

ಎದ್ದವಳು ಎರಡು ಹೆಜ್ಜೆ ಇಟ್ಟು ನಿಂತಳು. ಕಂಬಕ್ಕೆ ಕೈ ಚಾಚಿದಳು. ಕಂಬ ಸಿಗಲಿಲ್ಲ. ಕಾಲು ಮಡಚಿ ಜಗುಲಿಯ ಅಂಚಿನಲ್ಲೇ ಕುಸಿದು ಕೂತಳು.

"ಏನಿಲ್ರಿ, ಏನಿಲ್ಲ" ಎಂದಳು ಎದೆಯ ಮೇಲೆ ಕೈಯಿಟ್ಟುಕೊಂಡು. "ಒಂದೀಟು ಕುಂತು ಅಂಗಡಿಗೆ ಹೋಗತೀನಿ."

ಅಂಗಡಿಯೆಂದರೆ ಕಾದ ಎಣ್ಣೆ. ಕೊಟ್ರೇಶ ಸೊಂಟದ ಚೀಲ ಬಿಚ್ಚಿದ. ತನ್ನ ಗುಳಿಗೆಯ ಪಟ್ಟಿ ತೆಗೆದು ಮೊರದಲ್ಲಿ ಅವಳ ಪಟ್ಟಿಯ ಪಕ್ಕ ಇಟ್ಟ.

"ಅಪ್ಪಾರ, ನಾನು ಮೊರ ಇಟ್ಟಿರಲಿಲ್ಲ."

ರೇವಣಯ್ಯನವರು ಎರಡೂ ಪಟ್ಟಿಗಳನ್ನು ನೋಡಿದರು. "ಯಾಕ?"

"ಇಟ್ಟಿದ್ರ ಇವರು ಈ ಗುಳಿಗಿ ಹಾಕತಿದ್ರು. ನನಗ ಇದರ ಮುಖ ನೋಡೂದು ಬ್ಯಾಡಾಗಿತ್ತು."

"ಆ ಪೊಟ್ಟಣ ಕೊಡವ್ವ" ಎಂದರು ಗುರುಗಳು. ದಾರ ಬಿಚ್ಚಿ, ಪುಡಿ ಮೂಸಿದರು. "ಇದರಾಗ ಅತಿಮಧುರ ಇಲ್ಲ."

"ಇಲ್ರಿ."

"ಅಂದ್ರ ಒಳಗ ನಿಂತಾಗಲೇ ನಿನಗ ಗೊತ್ತಿತ್ತು."

ಕೊಟ್ರೇಶ ತಲೆ ತಗ್ಗಿಸಿದ. ಮೊದಲ ತಪ್ಪಿಗೆ ಮರೆವು, ಆತುರ ಎಂದು ಏನಾದರೂ ನೆಪ ಹೇಳಬಹುದಿತ್ತು. ಈ ಪೊಟ್ಟಣಕ್ಕೆ ನೆಪವಿರಲಿಲ್ಲ.

"ಗೊತ್ತಿತ್ರಿ."

ಹುಲಿಗೆಮ್ಮ ಮೊರದ ಕಡೆಯೇ ನೋಡುತ್ತಿದ್ದಳು. "ನಿಮಗೂ ತಲಿ ತಿರುಗತೈತೇನ್ರಿ?"

"ಎರಡು ವರ್ಷಾತು ಯವ್ವ."

"ನನ್ನಂಗ? ಗ್ವಾಡಿ ಎಲ್ಲ ಹೊರಳಿ?"

"ಹಂಗ."

"ಮತ್ತ ಅವತ್ತು ಒಂದು ಮಾತು ಹೇಳಬಾರದಿತ್ತೇನ್ರಿ? ಬಸ್‌ಸ್ಟ್ಯಾಂಡಿನಾಗ ಎಲ್ಲಾರೂ ನನಗ ಮುಂಜಾನಿಗೇ ಕುಡದಾಳ ಅಂತಾರ. ಊರಾಗ ಹಿಂಗ ಆಗೂದು ನನಗೊಬ್ಬಾಕಿಗೇ ಅಂತ ಎಷ್ಟು ಅತ್ತೀನಿ ಗೊತ್ತೇನು?"

ಕೊಟ್ರೇಶ ಅವಳ ಎದುರು ಕೂತು, ಹೇಳಬೇಕಾದದ್ದನ್ನು ಹೇಳಿದ.

"ನಿಮ್ಮ ಕಾಲು ಸೋತದ್ದು ಗುಳಿಗಿ ಒಂದರಿಂದ ಅಲ್ರಿ. ಅದರ ಜೋಡಿ ನನ್ನ ಪುಡಿ ಸೇರಿ ಹಿಂಗಾಗೇತಿ ಅನಸತೈತಿ. ಪುಡಿ ಇವತ್ತಿಗೇ ಬಿಡ್ರಿ. ಗುಳಿಗಿ ಬಿಡೂದು, ಹಿಡಿಯೂದು ಡಾಕ್ಟರಮ್ಮ ಹೇಳಬೇಕು. ನೀವೂ ನಿರ್ಧಾರ ಮಾಡಬ್ಯಾಡ್ರಿ, ನಾನೂ ಮಾಡಂಗಿಲ್ಲ. ಎದಿ ಹಿಂಗ ಬಡಕೊಳ್ಳೂದು ಇವತ್ತೇ ತೋರಸಬೇಕು. ತಪ್ಪು ನಂದು. ಮ್ಯಾಲೆ ನನ್ನ ಸಲುವಾಗಿ ನೀವು ಸುಳ್ಳು ಹೇಳಿದ್ರಿ."

"ಹೇಳಿದ್ನಿ" ಎಂದಳು ಹುಲಿಗೆಮ್ಮ. "ಇನ್ನೊಮ್ಮಿ ಹೇಳಂಗಿಲ್ಲ."

ಕೊಟ್ರೇಶ ಉಡಿದಾರದಲ್ಲಿ ಕಟ್ಟಿದ್ದ ಕೋಣೆಯ ಕೀಲಿಕೈ ಬಿಚ್ಚಿ ಗುರುಗಳ ಮುಂದಿಟ್ಟ. ಅವರು ಅದನ್ನು ಮುಟ್ಟಲಿಲ್ಲ, ಹಿಂದಕ್ಕೂ ತಳ್ಳಲಿಲ್ಲ.

"ಪ್ಯಾಟಿ ಬಸ್ಸು ಎಷ್ಟಕ್ಕ?"

"ಹನ್ನೊಂದಕ್ಕರಿ."

"ಇವಳನ್ನ ಕರಕೊಂಡು ಹೋಗು. ಪುಡಿಯೊಳಗ ಏನೇನು, ಎಷ್ಟೆಷ್ಟು, ಎಷ್ಟು ದಿನ, ಎಲ್ಲಾ ಕಾಗದದ ಮ್ಯಾಲೆ ಬರದು ಡಾಕ್ಟರಮ್ಮನ ಕೈಯಾಗ ಕೊಡು."

"ಹೂಂರಿ." ಅವನು ಕಾಗದ ತಂದು ಬರೆಯತೊಡಗಿದ. ಅರ್ಧ ಬರೆದು ನಿಲ್ಲಿಸಿದ. "ಅಪ್ಪಾರ, ಸೋಮವಾರದ್ದು?"

"ಸೋಮವಾರ ಇನ್ನೂ ಬಂದಿಲ್ಲ."

ಹುಲಿಗೆಮ್ಮ ಅವನ ಭುಜ ಹಿಡಿದು ಎದ್ದಳು. ಇಬ್ಬರೂ ಮೆಲ್ಲಗೆ ಮೆಟ್ಟಿಲಿಳಿದರು. ಕೊಟ್ರೇಶ ಗಿಡಮೂಲಿಕೆಯವನು ಎಂಬುದೂ ಡಾಕ್ಟರಮ್ಮನಿಗೆ ಗೊತ್ತಿರಲಿಲ್ಲ. ಎರಡು ವರ್ಷ ಅವನು ಅಲ್ಲಿ ಬರೀ ಒಂದು ಕಿವಿಯಾಗಿ ಹೋಗಿ ಬಂದಿದ್ದ. ಕೊನೆಯ ಮೆಟ್ಟಿಲಲ್ಲಿ ಅವನು ತಿರುಗಿ ನಿಂತ.

"ಅಲ್ಲಿ ನಾನು ಏನಂತ ಕುಂದ್ರಲಿ ಅಪ್ಪಾರ? ಇವರಿಗೆ ಪುಡಿ ಕೊಟ್ಟ ವೈದ್ಯ ಅಂತಲೋ, ರೋಗಿ ಅಂತಲೋ?"

"ಅಲ್ಲಿ ಹೆಸರು ಕೂಗತಾರ" ಎಂದರು ರೇವಣಯ್ಯನವರು. "ನಿನ್ನ ಹೆಸರು ಕೂಗಿದಾಗ ಎದ್ದು ನಿಂದ್ರು."