ಗುಮ್ಮನಿಗೆ ಮುಖ ಬಂದದ್ದು

“ಗುರುಗಳೇ, ಸಿನಿಮಾ ನೋಡಿ ನಕ್ಕರೆ ಅದೂ ಒಂದು ತಪ್ಪೇ?” ಎಂದು ಚೆನ್ನವೀರ ಕೇಳಿದ.

ಹಿಂದಿನ ದಿನ ಅವನು ಆಶ್ರಮದ ಜೊತೆಗಾರ ಮಾಬ್ಲನನ್ನು ಕರೆದುಕೊಂಡು ಪೇಟೆಗೆ ಹೋಗಿ ಸಿನಿಮಾ ನೋಡಿ ಬಂದಿದ್ದ. ಮಾಬ್ಲ ಸಿದ್ದಿಯರವನು. ಎಷ್ಟೋ ತಲೆಮಾರುಗಳ ಹಿಂದೆ ಆಫ್ರಿಕಾದಿಂದ ಹಡಗಿನಲ್ಲಿ ಬಂದವರ ಕುಲ; ಕಪ್ಪು ಮೈ, ಗುಂಗುರು ಕೂದಲು, ಆಡುವುದು ನಮ್ಮದೇ ಕನ್ನಡ. ಸಿನಿಮಾದ ಕಳ್ಳನೂ ನೋಡಲು ಹಾಗೆಯೇ ಇದ್ದ. ಅವನು ತೆರೆಯ ಮೇಲೆ ಬಂದಾಗಲೆಲ್ಲ ಜನ ಹೋ ಎಂದು ನಕ್ಕರು, ಚೆನ್ನವೀರನೂ ನಕ್ಕ. ವಾಪಸು ಬರುವಾಗ ಮಾಬ್ಲ ಮುಂದೆ ಮುಂದೆಯೇ ನಡೆದ. ಕೂಗಿದರೂ ಹಿಂತಿರುಗಿ ನೋಡಲಿಲ್ಲ. ಅದು ಬರೀ ನಟನೆ ಎಂದು ಎಲ್ಲರಿಗೂ ಗೊತ್ತಿರುವಾಗ ಅಷ್ಟಕ್ಕೇ ಮುಖ ತಿರುಗಿಸುವುದು ಸೊಕ್ಕಲ್ಲವೇ ಎಂಬುದು ಚೆನ್ನವೀರನ ದೂರು.

ಹಿತ್ತಲಿನ ಬಾವಿಯಲ್ಲಿ ರಾಟೆಯ ಸದ್ದಾಗುತ್ತಿತ್ತು. ಗುರುಗಳು ಅದಕ್ಕೆ ಕಿವಿಗೊಟ್ಟು, ಈ ಕತೆ ಹೇಳಿದರು.

ಒಂದು ಊರಿಗೆ ಟೆಂಟ್ ಸಿನಿಮಾ ಬಂತು. ಅದರಲ್ಲಿ ಮಕ್ಕಳನ್ನು ಕದಿಯುವವನೊಬ್ಬನಿದ್ದ. ನೋಡಿದ ಕೂಡಲೇ ಕೆಟ್ಟವನೆಂದು ತಿಳಿಯಬೇಕಲ್ಲ. ಸಿನಿಮಾ ಮಾಡಿದವರು ಹೆಚ್ಚು ತಲೆ ಕೆಡಿಸಿಕೊಳ್ಳದೆ ಒಬ್ಬ ನಟನ ಮೈಗೆ ಮಸಿ ಬಳಿದು, ತಲೆಗೆ ಗುಂಗುರು ಕೂದಲು ಅಂಟಿಸಿ, ಕೈಗೊಂದು ಗೋಣಿಚೀಲ ಕೊಟ್ಟಿದ್ದರು. ಜನ ಮೆಚ್ಚಿದರು. ಟೆಂಟು ಮುಂದಿನ ಊರಿಗೆ ಹೋಯಿತು, ಗೋಣಿಚೀಲದವನು ಮಾತ್ರ ಅಲ್ಲೇ ಉಳಿದ. ಆ ಊರಿನ ತಾಯಂದಿರು ಮೊದಲಿನಿಂದಲೂ ಗುಮ್ಮ ಬರುತ್ತಾನೆ ಎಂದು ಹೆದರಿಸಿಯೇ ಮಕ್ಕಳಿಗೆ ಉಣ್ಣಿಸುತ್ತಿದ್ದರು. ಅದುವರೆಗೆ ಗುಮ್ಮನಿಗೆ ಮುಖವಿರಲಿಲ್ಲ. ಈಗ ಬಂತು.

ಪಕ್ಕದ ಕಾಡಿನಲ್ಲಿ ಒಬ್ಬ ಜೇನು ಕೀಳುವವನಿದ್ದ. ಅವನು ಹುಟ್ಟಿನಿಂದಲೇ ಕಪ್ಪು, ಹುಟ್ಟಿನಿಂದಲೇ ಗುಂಗುರು ಕೂದಲಿನವನು. ಆ ಸಿನಿಮಾ ನೋಡಿದವನಲ್ಲ. ಸಂತೆಗೆ ಬಂದರೆ ಮಕ್ಕಳು ಯಾಕೆ ಚೀರಿ ಓಡುತ್ತವೆಂದು ಮೊದಮೊದಲು ಅವನಿಗೆ ತಿಳಿಯಲಿಲ್ಲ. ತಿಳಿದ ಮೇಲೆ ಬಹಳ ನೋವಾಯಿತು. ಸಂತೆಗೆ ಹೋಗುವುದನ್ನೇ ಬಿಟ್ಟ.

ಒಂದು ಸಂಜೆ ಅವನು ಜೇನು ಕಿತ್ತು, ಹಗ್ಗ ಹೆಗಲಿಗೆ ಹಾಕಿಕೊಂಡು ಒಬ್ಬನೇ ಬರುತ್ತಿದ್ದಾಗ ಬಂಡೆಯ ಅಂಚಿನಲ್ಲಿ ಒಂದು ಹೆಣ್ಣುಮಗು ಕಂಡಿತು. ಊರಿನ ಒಬ್ಬ ವ್ಯಾಪಾರಿಯ ಮಗಳು. ಕರುವಿನ ಬೆನ್ನು ಹತ್ತಿ ಬಂದು ದಾರಿ ತಪ್ಪಿತ್ತು. ಅದರ ಹಿಂದೆಯೇ ಆಳವಾದ ಕಮರಿ. ಅವನು ಕರೆಯುತ್ತ ಒಂದು ಹೆಜ್ಜೆ ಮುಂದಿಟ್ಟ. ಮಗು ಅವನ ಮುಖ ನೋಡಿ ಹಿಂದಕ್ಕೆ ಸರಿಯಿತು. ಅದರ ಕಾಲಡಿಯ ಕಲ್ಲೊಂದು ಜಾರಿ ಕಮರಿಗೆ ಬಿತ್ತು.

ಅವನು ನಿಂತುಬಿಟ್ಟ. ಆ ಮಗು ಸಾಯಲು ಅವನು ಬೇರೇನೂ ಮಾಡಬೇಕಾಗಿರಲಿಲ್ಲ, ಇನ್ನೊಂದು ಹೆಜ್ಜೆ ಹತ್ತಿರ ಹೋದರೆ ಸಾಕಿತ್ತು. ಯಾರನ್ನಾದರೂ ಕರೆತರೋಣವೆಂದರೆ ಊರು ದೂರ, ಕತ್ತಲು ಹತ್ತಿರ. ಅವನು ಮೆಲ್ಲಗೆ ತಿರುಗಿ, ಮಗುವಿಗೆ ಬೆನ್ನು ಮಾಡಿ ಕುಳಿತ.

ಜೇನು ಕೀಳುವ ಅವನ ಜನರಲ್ಲಿ ಒಂದು ಪದ್ಧತಿ ಉಂಟು. ಬಂಡೆಯಿಂದ ಇಳಿಯುವವನು ಹಗ್ಗದ ಒಂದು ತುದಿಯನ್ನು ಸೊಂಟಕ್ಕೆ ಕಟ್ಟಿಕೊಂಡು, ಇನ್ನೊಂದನ್ನು ಹೆಂಡತಿಯ ತಮ್ಮನ ಕೈಗೇ ಕೊಡುತ್ತಾನೆ. ಅಕ್ಕನ ತಾಳಿಯನ್ನು ನೆನೆದಾದರೂ ಅವನು ಕೈಬಿಡುವುದಿಲ್ಲ ಎಂಬ ನಂಬಿಕೆ. ಜೇನಿನವನು ಒಂದು ತುದಿಯನ್ನು ತನ್ನ ಸೊಂಟಕ್ಕೆ ಕಟ್ಟಿಕೊಂಡು, ಹೆಂಡತಿಯ ತಮ್ಮ ಹಿಡಿಯುವ ಆ ಇನ್ನೊಂದು ತುದಿಯನ್ನು ಹಿಂದಕ್ಕೆ, ಮಗುವಿನ ಕಡೆಗೆ ಎಸೆದ.

“ಮಗಾ, ನಾ ತಿರುಗಿ ನೋಡೂದಿಲ್ಲ. ಇದನ್ನ ಹಿಡ್ಕಂಡು ಬಾ. ನೀ ಎಳದ್ರೆ ನಾ ನಿಲ್ತೆ.”

ಹಗ್ಗ ಬಹಳ ಹೊತ್ತು ಸುಮ್ಮನೆ ಬಿದ್ದಿತ್ತು. ಆಮೇಲೆ ಸೊಂಟದಲ್ಲಿ ಸಣ್ಣಗೆ ಬಿಗಿಯಾಯಿತು. ಅವನು ಎದ್ದು ನಡೆದ. ದಾರಿಯಲ್ಲಿ ಒಮ್ಮೆ ಅದು ಸಡಿಲವಾಯಿತು. ಮಗು ಎಡವಿ ಬಿತ್ತೋ, ಕಾಡಿಗೆ ಓಡಿತೋ, ತಿರುಗಿ ನೋಡುವಂತಿಲ್ಲ. ಅಲ್ಲೇ ನಿಂತ. ಹಗ್ಗ ಮತ್ತೆ ಬಿಗಿಯಾದ ಮೇಲೆಯೇ ಹೆಜ್ಜೆ ಕಿತ್ತದ್ದು.

ಊರಿನ ಅಂಚಿನಲ್ಲಿ ಜನ ದೊಣ್ಣೆ ಹಿಡಿದು ಸೇರಿದ್ದರು. ಕಾಡಿನಿಂದ ಒಬ್ಬ ಕಪ್ಪು ಮನುಷ್ಯ ಬರುತ್ತಿದ್ದಾನೆ, ಅವನ ಹಿಂದೆ ಹಗ್ಗ, ಹಗ್ಗದ ಕೊನೆಗೆ ಮಗು. ಇನ್ನೇನು ಬೇಕು? ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆ ಆ ಊರಿನಲ್ಲೂ ಇತ್ತು. ಅದು ನೆನಪಾಗುವ ಮೊದಲೇ ಕಲ್ಲು ಯಾರದೋ ಕೈ ಬಿಟ್ಟಿತ್ತು. ಹಣೆಗೆ ಬಿತ್ತು. ಮುಖ ತಿರುಗಿಸಿದ್ದರೆ ಏಟು ತಪ್ಪುತ್ತಿತ್ತು. ಆದರೆ ತಿರುಗಿಸಿದರೆ ಹಿಂದಿರುವ ಮಗುವಿಗೆ ಮುಖ ಕಾಣುತ್ತದೆಂದು ಅವನು ಹಾಗೆಯೇ ನಿಂತ.

ದೊಣ್ಣೆಗಳು ಮೇಲೆದ್ದಾಗ ಮಗು ಅಳುತ್ತ ಹೇಳಿತು, “ಅಪ್ಪಾ, ಅವ ನನ್ನ ಕಟ್ಟಲಿಲ್ಲ. ನಾನೇ ಅವನ್ನ ಹಿಡ್ಕಂಡಿದ್ದೆ.”

ಜನ ನೋಡಿದರು. ಗಂಟು ಇದ್ದದ್ದು ಅವನ ಸೊಂಟದಲ್ಲಿ. ದೊಣ್ಣೆಗಳು ಒಂದೊಂದಾಗಿ ಕೆಳಗಿಳಿದವು. ವ್ಯಾಪಾರಿ ನಾಚಿಕೆಯಿಂದ ಕುಗ್ಗಿಹೋದ. ಮಗಳನ್ನು ಎತ್ತಿಕೊಂಡು, ನಿನ್ನನ್ನು ಉಳಿಸಿದವನ ಮುಖ ನೋಡು ಎಂದು ಅವನ ಎದುರಿಗೆ ತರಹೋದ. ಜೇನಿನವನು ಹೆಗಲ ಕಂಬಳಿಯನ್ನು ಮುಖದ ಮೇಲೆ ಎಳೆದುಕೊಂಡ. ಬೇಡ, ಮಗು ನಿದ್ದೆಯಲ್ಲಿ ಬೆಚ್ಚಿಬಿದ್ದೀತು ಎಂದು ಹೇಳಿ, ಹಗ್ಗ ಸುತ್ತಿಕೊಂಡು ಬಂದ ದಾರಿ ಹಿಡಿದ.

ಗುರುಗಳು ಕತೆ ನಿಲ್ಲಿಸಿದರು. ಚೆನ್ನವೀರ ನೆಲ ನೋಡುತ್ತ ಕುಳಿತಿದ್ದವನು, ಆ ಮಗು ಆಮೇಲಾದರೂ ಅವನ ಮುಖ ನೋಡಿತೇ ಎಂದು ಕೇಳಿದ.

“ಮಾಬ್ಲ ಬಾವಿಯ ಹತ್ತಿರ ಇದ್ದಾನೆ,” ಎಂದರು ಗುರುಗಳು, “ಹೋಗಿ ನೋಡು.”